ಆರ್‌ಸಿ ಕಾರಿನ ಬ್ಯಾಟರಿ ತುಂಬಿತು ಅಂತ ಚಾರ್ಜರ್‌ಗೆ ಹೇಗೆ ಗೊತ್ತಾಗುತ್ತೆ? ನಿಕಲ್ ಮೆಟಲ್ ಹೈಡ್ರೈಡ್ ಪ್ಯಾಕ್ ಹಾಳಾಗದ ಹಾಗೆ ಚಾರ್ಜ್ ಮಾಡೋದು

ಮನೆಗೆ ಮೊದಲನೇ ಸಲ ಒಂದು ಒಳ್ಳೆ ಆರ್‌ಸಿ ಕಾರು, ಅಂದ್ರೆ ರಿಮೋಟಲ್ಲಿ ಓಡಿಸೋ ಕಾರು ಬಂದಾಗ ಎಲ್ಲರ ಕಣ್ಣೂ ಕಾರಿನ ಮೇಲೇ ಇರುತ್ತೆ, ಎಷ್ಟು ಸ್ಪೀಡು, ಮಣ್ಣಲ್ಲಿ ಓಡುತ್ತಾ, ನೀರು ಬಿದ್ರೆ ಏನಾಗುತ್ತೆ ಅಂತ. ಡಬ್ಬದ ಮೂಲೇಲಿ ಒಂದು ಉದ್ದನೆ ಬ್ಯಾಟರಿ ಪ್ಯಾಕು, ಅದರ ಜೊತೆ ಮೊಬೈಲ್ ಚಾರ್ಜರ್ ಥರ ಕಾಣೋ ಒಂದು ಪುಟ್ಟ ಅಡಾಪ್ಟರ್ ಇರುತ್ತಲ್ಲ, ಅದನ್ನ ಯಾರೂ ಸರಿಯಾಗಿ ನೋಡಲ್ಲ. ಮೊಬೈಲ್ ಹಾಕಿದ ಹಾಗೇ ಅದನ್ನೂ ರಾತ್ರಿ ಪ್ಲಗ್‌ಗೆ ಹಾಕಿ ಮಲಗಿಬಿಡ್ತೀವಿ. ನಮ್ಮ ಮನೇಲೂ ಆಗಿದ್ದು ಅದೇ. ಬೆಳಿಗ್ಗೆ ಎದ್ದು ಮುಟ್ಟಿದ್ರೆ ಪ್ಯಾಕು ಹಿಡ್ಕೊಳ್ಳಕ್ಕಾಗದಷ್ಟು ಬಿಸಿ, ಮೇಲಿನ ಪ್ಲಾಸ್ಟಿಕ್ ಸುತ್ತು ಸುಕ್ಕುಗಟ್ಟಿತ್ತು, ಆವತ್ತಿಂದ ಆ ಪ್ಯಾಕ್ ಹಾಕಿದ್ರೆ ಕಾರು ಐದು ನಿಮಿಷ ಓಡಿ ನಿಂತೋಗೋದು.

ಮೊಬೈಲ್ ಯಾಕೆ ಹಾಗೆ ಆಗಲ್ಲ, ಇದು ಯಾಕೆ ಆಯ್ತು? ಈ ಒಂದು ಪ್ರಶ್ನೆಗೆ ಉತ್ತರ ಸಿಕ್ಕಿದ್ರೆ ಉಳಿದ ಎಲ್ಲ ಎಚ್ಚರಿಕೆಗಳೂ ತಾನಾಗೇ ಅರ್ಥ ಆಗುತ್ತೆ, ಬಾಯಿಪಾಠ ಮಾಡೋ ಅಗತ್ಯ ಇರಲ್ಲ. ಅದಕ್ಕೇ ಬುಡದಿಂದ ಶುರು ಮಾಡ್ತೀನಿ.

ಪ್ಯಾಕ್ ಮೇಲೆ ಬರೆದಿರೋ ನಂಬರ್‌ಗಳು

ಪ್ಯಾಕ್ ಕೈಗೆ ತಗೊಂಡು ನೋಡಿ, ಸಾಮಾನ್ಯವಾಗಿ 7.2 ವೋಲ್ಟ್, 3000 ಎಂಎಎಚ್ ಅಂತ ಏನೋ ಇರುತ್ತೆ. ನಿಕಲ್ ಮೆಟಲ್ ಹೈಡ್ರೈಡ್‌ನ ಒಂದು ಸೆಲ್ ಅಂದ್ರೆ 1.2 ವೋಲ್ಟ್ ಲೆಕ್ಕ. ಅಂಥ ಆರು ಸೆಲ್‌ಗಳನ್ನ ಒಂದರ ಹಿಂದೆ ಒಂದು ಸರಪಳಿ ಥರ ಜೋಡಿಸಿದ್ರೆ 7.2, ಏಳು ಜೋಡಿಸಿದ್ರೆ 8.4. ಚಿಕ್ಕ ಆಟಿಕೆ ಕಾರುಗಳಲ್ಲಿ ಪೆನ್ಸಿಲ್ ಸೆಲ್ ಸೈಜಿನ ನಾಲ್ಕು ಇರುತ್ತೆ, ಅದು 4.8 ವೋಲ್ಟ್. ಈ 1.2 ಅನ್ನೋದು ಸರಾಸರಿ ಅಷ್ಟೇ. ಫುಲ್ ಆಗಿರೋ ಸೆಲ್ ಸುಮ್ನೆ ಇಟ್ಟಾಗ 1.4 ವೋಲ್ಟ್ ಹತ್ತಿರ ತೋರಿಸುತ್ತೆ, ಖಾಲಿ ಅಂತ ಹೇಳೋದು 1 ವೋಲ್ಟ್ ಹತ್ತಿರ ಬಂದಾಗ.

ಎಂಎಎಚ್ (ಮಿಲಿಆಂಪಿಯರ್ ಅವರ್) ಅಂದ್ರೆ ಒಳಗೆ ಎಷ್ಟು ಹಿಡಿಸುತ್ತೆ ಅನ್ನೋ ಅಳತೆ, ಕೊಡ ಎಷ್ಟು ಲೀಟರ್‌ದು ಅಂದ ಹಾಗೆ. 3000 ಎಂಎಎಚ್ ಪ್ಯಾಕು 3 ಆಂಪಿಯರ್ ಕರೆಂಟನ್ನ ಒಂದು ಗಂಟೆ ಕೊಡಬಲ್ಲದು, ಅಥವಾ 1 ಆಂಪಿಯರನ್ನ ಮೂರು ಗಂಟೆ. ಇದರಿಂದಲೇ ಇನ್ನೊಂದು ಪದ ಹುಟ್ಟಿದ್ದು, ಆರ್‌ಸಿ ಜನ ಮಾತು ಮಾತಿಗೂ ಬಳಸೋ "ಸಿ". ಪ್ಯಾಕು ಎಷ್ಟು ದೊಡ್ಡದೋ ಅಷ್ಟೇ ಕರೆಂಟ್ ಕೊಟ್ರೆ ಅದು 1 ಸಿ. 3000ದ ಪ್ಯಾಕಿಗೆ 1 ಸಿ ಅಂದ್ರೆ 3 ಆಂಪಿಯರ್, 0.5 ಸಿ ಅಂದ್ರೆ 1.5 ಆಂಪಿಯರ್, 0.1 ಸಿ ಅಂದ್ರೆ 0.3 ಆಂಪಿಯರ್. ಅದೇ 1800ರ ಪ್ಯಾಕಿಗೆ 1 ಸಿ ಅಂದ್ರೆ 1.8 ಆಂಪಿಯರ್ ಮಾತ್ರ. ಹಾಗಾಗಿ "ಎಷ್ಟು ಆಂಪಿಯರಲ್ಲಿ ಚಾರ್ಜ್ ಮಾಡ್ಲಿ" ಅಂತ ಯಾರಾದ್ರೂ ಕೇಳಿದ್ರೆ ಮೊದಲು ಪ್ಯಾಕ್ ಎಷ್ಟರದು ಅಂತ ವಾಪಸ್ ಕೇಳ್ಬೇಕು.

ಮೊಬೈಲ್ ಬ್ಯಾಟರಿಗೂ ಇದಕ್ಕೂ ಇರೋ ವ್ಯತ್ಯಾಸ

ಮೊಬೈಲಲ್ಲಿ ಇರೋದು ಲಿಥಿಯಂ ಬ್ಯಾಟರಿ. ಅದಕ್ಕೆ ಒಂದು ಗೆರೆ ಇದೆ, ಹೆಚ್ಚಿನವುಗಳಲ್ಲಿ ಒಂದು ಸೆಲ್‌ಗೆ 4.2 ವೋಲ್ಟ್. ಚಾರ್ಜರು ಆ ಗೆರೆ ಮುಟ್ಟೋ ತನಕ ಕರೆಂಟ್ ತಳ್ಳುತ್ತೆ, ಮುಟ್ಟಿದ ಮೇಲೆ ವೋಲ್ಟೇಜನ್ನ ಅಲ್ಲೇ ಹಿಡಿದು ಕರೆಂಟ್ ತಾನಾಗೇ ಕಮ್ಮಿ ಆಗಕ್ಕೆ ಬಿಡುತ್ತೆ, ಆಮೇಲೆ ನಿಲ್ಲಿಸುತ್ತೆ. ಗೆರೆ ಹಾಕಿರೋ ಲೋಟಕ್ಕೆ ನೀರು ಹುಯ್ದ ಹಾಗೆ, ಕಣ್ಣಲ್ಲಿ ನೋಡಿ ನಿಲ್ಲಿಸಬಹುದು.

ನಿಕಲ್ ಮೆಟಲ್ ಹೈಡ್ರೈಡ್‌ಗೆ ಅಂಥ ಗೆರೆ ಇಲ್ಲ. ಚಾರ್ಜ್ ಆಗ್ತಾ ಇರೋವಾಗ ಸೆಲ್ ವೋಲ್ಟೇಜು 1.4, 1.45, 1.5 ಅಂತ ನಿಧಾನಕ್ಕೆ ಏರುತ್ತೆ ನಿಜ, ಆದ್ರೆ ಎಷ್ಟಕ್ಕೆ ಫುಲ್ ಅನ್ನೋದು ಆ ಸೆಲ್ ಹೊಸದಾ ಹಳೇದಾ, ರೂಮು ತಣ್ಣಗಿದ್ಯಾ ಬಿಸಿ ಇದ್ಯಾ, ಎಷ್ಟು ಕರೆಂಟ್ ಕೊಡ್ತಾ ಇದೀವಿ ಅನ್ನೋದರ ಮೇಲೆಲ್ಲ ಬದಲಾಗುತ್ತೆ. ಒಂದು ಪ್ಯಾಕು 8.7 ವೋಲ್ಟಿಗೆ ತುಂಬಿದ್ರೆ ಅದರ ಪಕ್ಕದ್ದು 9.1ಕ್ಕೆ ತುಂಬಬಹುದು. ಅಂದ್ರೆ ಇದು ಒಳಗೆ ಕಾಣದ, ಗೆರೆ ಇಲ್ಲದ ಕೊಡ.

ಒಳಗೆ ನಡೆಯೋದು ಏನು ಅಂದ್ರೆ, ಸೆಲ್‌ನ ಪಾಸಿಟಿವ್ ಕಡೆ ನಿಕಲ್ ಹೈಡ್ರಾಕ್ಸೈಡ್ ಇರುತ್ತೆ, ನೆಗೆಟಿವ್ ಕಡೆ ಹೈಡ್ರೋಜನ್ನನ್ನ ಸ್ಪಂಜಿನ ಥರ ಹೀರ್ಕೊಳ್ಳೋ ಒಂದು ಮಿಶ್ರಲೋಹ, ಮಧ್ಯೆ ಪೊಟ್ಯಾಶಿಯಂ ಹೈಡ್ರಾಕ್ಸೈಡ್ ಅನ್ನೋ ಕ್ಷಾರದ ದ್ರಾವಣ. ಚಾರ್ಜ್ ಮಾಡಿದಾಗ ಹೈಡ್ರೋಜನ್ ಆ ಲೋಹದೊಳಗೆ ಸೇರ್ಕೊಳ್ಳುತ್ತೆ, ಕಾರು ಓಡಿಸಿದಾಗ ಬಿಟ್ಟುಕೊಡುತ್ತೆ. ಪಾಸಿಟಿವ್ ಕಡೆ ಪೂರ್ತಿ ಆದಮೇಲೂ ಕರೆಂಟ್ ಬರ್ತಾನೇ ಇದ್ರೆ ಅದು ಹೋಗೋದೆಲ್ಲಿಗೆ? ಅಲ್ಲಿ ಆಮ್ಲಜನಕ ಹುಟ್ಟಕ್ಕೆ ಶುರು ಆಗುತ್ತೆ. ಆ ಆಮ್ಲಜನಕ ನೆಗೆಟಿವ್ ಕಡೆಗೆ ಹೋಗಿ ಅಲ್ಲಿನ ಹೈಡ್ರೋಜನ್ ಜೊತೆ ಸೇರಿ ಮತ್ತೆ ನೀರಾಗುತ್ತೆ, ಹಾಗೆ ಆಗೋವಾಗ ಬಿಸಿ ಬಿಡುತ್ತೆ. ಇದು ತಯಾರಿಸಿದವರು ಬೇಕಂತಲೇ ಇಟ್ಟಿರೋ ವ್ಯವಸ್ಥೆ, ಸ್ವಲ್ಪ ಜಾಸ್ತಿ ಚಾರ್ಜ್ ಆದ್ರೂ ಸೆಲ್ ಒಡೀಬಾರದು ಅಂತ. ಆದ್ರೆ ಆಮ್ಲಜನಕ ಹುಟ್ಟೋ ವೇಗ ಅದು ಖರ್ಚಾಗೋ ವೇಗಕ್ಕಿಂತ ಜಾಸ್ತಿ ಆದ್ರೆ ಒಳಗೆ ಒತ್ತಡ ಏರುತ್ತೆ, ಕೊನೆಗೆ ಸೆಲ್‌ನ ತಲೆ ಹತ್ತಿರ ಇರೋ ಪುಟ್ಟ ವಾಲ್ವು ತೆರೆದು ಗ್ಯಾಸು, ಅದರ ಜೊತೆ ದ್ರಾವಣ ಕೂಡ ಹೊರಗೆ ಬರುತ್ತೆ. ಹಾಗೆ ಹೋದ ದ್ರಾವಣ ವಾಪಸ್ ಬರಲ್ಲ, ಸೆಲ್ ಒಣಗುತ್ತಾ ಹೋಗುತ್ತೆ.

ಬಿಸಿ ಎಷ್ಟಿರುತ್ತೆ ಅಂತ ಲೆಕ್ಕ ಹಾಕಿ ನೋಡಿ, ನನಗೆ ವಿಷಯದ ತೂಕ ಗೊತ್ತಾಗಿದ್ದೇ ಈ ಲೆಕ್ಕದಿಂದ. ಆರು ಸೆಲ್ ಪ್ಯಾಕು, ಒಂದೊಂದು 1.5 ವೋಲ್ಟ್, ಒಟ್ಟು 9 ವೋಲ್ಟ್. 3 ಆಂಪಿಯರಲ್ಲಿ ಚಾರ್ಜ್ ಮಾಡ್ತಾ ಇದ್ರೆ 27 ವ್ಯಾಟ್. ಪ್ಯಾಕ್ ಖಾಲಿ ಇರೋ ತನಕ ಅದರಲ್ಲಿ ಬಹುಪಾಲು ಒಳಗೆ ಶೇಖರಣೆ ಆಗುತ್ತೆ. ತುಂಬಿದ ಮೇಲೆ ಶೇಖರಣೆಗೆ ಜಾಗ ಇಲ್ಲ, ಹೆಚ್ಚೂಕಮ್ಮಿ ಅಷ್ಟೂ ಬಿಸಿ ಆಗುತ್ತೆ. ಎಲೆಕ್ಟ್ರಾನಿಕ್ಸ್ ಕೆಲಸಕ್ಕೆ ಬಳಸೋ ಸಾಮಾನ್ಯ ಸೋಲ್ಡರಿಂಗ್ ಐರನ್ 25 ವ್ಯಾಟ್‌ದು. ಪ್ಲಾಸ್ಟಿಕ್ ಸುತ್ತಿರೋ ಪ್ಯಾಕ್ ಒಳಗೆ ಒಂದು ಸೋಲ್ಡರಿಂಗ್ ಐರನ್ ಆನ್ ಮಾಡಿಟ್ಟ ಹಾಗೆ ಅದು.

ಕೊಡ ತುಂಬೋ ಶಬ್ದ

ಗೆರೆ ಇಲ್ಲದಿದ್ರೂ ಕೊಡ ತುಂಬಿದ್ದು ನಮಗೆ ಗೊತ್ತಾಗುತ್ತಲ್ಲ? ನಲ್ಲಿ ಕೆಳಗೆ ಕೊಡ ಇಟ್ಟು ಬೇರೆ ಕೆಲಸ ಮಾಡ್ತಾ ಇದ್ರೂ ನೀರು ಕಂಠಕ್ಕೆ ಬಂದಾಗ ಶಬ್ದ ಬದಲಾಗುತ್ತೆ, ಕಿವಿಗೆ ಬಿದ್ದ ತಕ್ಷಣ ಓಡಿ ಹೋಗಿ ನಲ್ಲಿ ನಿಲ್ಲಿಸ್ತೀವಿ. ಒಳ್ಳೆ ಚಾರ್ಜರ್ ಮಾಡೋದೂ ಅದೇ ಥರದ ಕೆಲಸ.

ಸೆಲ್ ತುಂಬಿ ಬಿಸಿ ಏರಕ್ಕೆ ಶುರು ಆದ ತಕ್ಷಣ ಒಂದು ವಿಚಿತ್ರ ನಡೆಯುತ್ತೆ. ಅಲ್ಲಿ ತನಕ ಏರ್ತಾ ಇದ್ದ ವೋಲ್ಟೇಜು ಒಂದು ತುದಿ ಮುಟ್ಟಿ ಸ್ವಲ್ಪ ಕೆಳಗೆ ಇಳಿಯುತ್ತೆ, ಬಿಸಿ ಆದ ಸೆಲ್‌ನ ವೋಲ್ಟೇಜು ಕಮ್ಮಿ ಆಗೋದರಿಂದ. ಈ ತುದಿಗೆ ಪೀಕ್ ಅಂತಾರೆ, ಇಳಿತಕ್ಕೆ ಮೈನಸ್ ಡೆಲ್ಟಾ ವಿ ಅಥವಾ ಡೆಲ್ಟಾ ಪೀಕ್ ಅಂತಾರೆ. ಚಾರ್ಜರ್ ಡಬ್ಬದ ಮೇಲೆ "ಡೆಲ್ಟಾ ಪೀಕ್ ಡಿಟೆಕ್ಷನ್" ಅಂತ ಬರೆದಿದ್ರೆ, ನಾನು ಈ ಇಳಿತ ನೋಡಿ ನಿಲ್ಲಿಸ್ತೀನಿ ಅಂತ ಅದು ಹೇಳ್ತಾ ಇದೆ ಅಂತ ಅರ್ಥ.

ಆ ಇಳಿತ ಎಷ್ಟು ಸಣ್ಣದು ಅಂದ್ರೆ ಒಂದು ಸೆಲ್‌ಗೆ ಸುಮಾರು 5 ಮಿಲಿವೋಲ್ಟ್ ಅಷ್ಟೇ. ಆರು ಸೆಲ್‌ಗೆ 30 ಮಿಲಿವೋಲ್ಟ್, ಅಂದ್ರೆ 9 ವೋಲ್ಟಿನಲ್ಲಿ ಬರೀ 0.03 ವೋಲ್ಟ್. ಹಳೇ ಕಾಲದ ನಿಕಲ್ ಕ್ಯಾಡ್ಮಿಯಂ ಬ್ಯಾಟರಿಗಳಲ್ಲಿ ಈ ಇಳಿತ ಇದಕ್ಕಿಂತ ಚೆನ್ನಾಗಿ ಕಾಣೋದು, ಹಾಗಾಗಿ ನಿಕಲ್ ಕ್ಯಾಡ್ಮಿಯಂಗೆ ಅಂತಲೇ ಮಾಡಿದ ಹಳೇ ಚಾರ್ಜರ್ ಇದ್ರೆ ಅದು ಹೈಡ್ರೈಡ್ ಪ್ಯಾಕಿನ ಪಿಸುಮಾತನ್ನ ಕೇಳಿಸಿಕೊಳ್ಳದೇ ಮುಂದೆ ಹೋಗಿಬಿಡಬಹುದು. ಯಾರೋ ಉದಾರವಾಗಿ ಕೊಟ್ಟ ಹಳೇ ಚಾರ್ಜರ್ ಆದ್ರೆ ಅದರ ಮೇಲೆ ಯಾವ ಬ್ಯಾಟರಿಗೆ ಅಂತ ಬರೆದಿದೆ ಅನ್ನೋದನ್ನ ಓದದೇ ಬಳಸಬೇಡಿ.

ಸೆಟ್ಟಿಂಗ್ ಬದಲಾಯಿಸೋ ಸೌಲಭ್ಯ ಇರೋ ಚಾರ್ಜರ್ ಆದ್ರೆ ಸೆಲ್‌ಗೆ 3 ರಿಂದ 5 ಮಿಲಿವೋಲ್ಟ್ ಇಟ್ರೆ ಸಾಕು. 10, 15 ಅಂತ ಇಟ್ರೆ ಆ ಇಳಿತ ಬರೋ ತನಕ ಕಾಯ್ತಾ ಕಾಯ್ತಾ ಪ್ಯಾಕು ಬೆಂದುಹೋಗುತ್ತೆ.

ನಿಧಾನಕ್ಕೆ ಮಾಡಿದ್ರೆ ಒಳ್ಳೇದಲ್ವಾ?

ತುಂಬಾ ಜನಕ್ಕೆ ಇರೋ ನಂಬಿಕೆ ಇದು, ಕರೆಂಟ್ ಎಷ್ಟು ಕಮ್ಮಿ ಇದ್ರೆ ಬ್ಯಾಟರಿಗೆ ಅಷ್ಟು ಒಳ್ಳೇದು ಅಂತ. ಇಲ್ಲಿ ಅದು ಅರ್ಧ ನಿಜ, ಅರ್ಧ ಮೋಸ. ಮತ್ತೆ ಕೊಡದ ಹತ್ತಿರಾನೇ ಬನ್ನಿ. ನಲ್ಲೀನ ಸಣ್ಣಗೆ, ದಾರದಷ್ಟು ಬಿಟ್ರೆ ಕೊಡ ತುಂಬೋ ಶಬ್ದ ಕೇಳುತ್ತಾ? ಕೇಳಲ್ಲ. ಕಮ್ಮಿ ಕರೆಂಟಲ್ಲಿ ಚಾರ್ಜ್ ಮಾಡಿದಾಗ ಬಿಸಿ ನಿಧಾನಕ್ಕೆ ಹುಟ್ಟಿ ನಿಧಾನಕ್ಕೆ ಗಾಳಿಗೆ ಹೋಗ್ತಾ ಇರುತ್ತೆ, ವೋಲ್ಟೇಜಿನ ಇಳಿತ ಇದ್ಯೋ ಇಲ್ವೋ ಅನ್ನೋ ಹಾಗಿರುತ್ತೆ, ಚಾರ್ಜರ್‌ಗೆ ಗೊತ್ತೇ ಆಗಲ್ಲ. 3000ದ ಪ್ಯಾಕನ್ನ ಡೆಲ್ಟಾ ಪೀಕ್ ಚಾರ್ಜರಲ್ಲಿ 0.6 ಆಂಪಿಯರಿಗೆ ಇಟ್ಟು "ನಾನು ಜೋಪಾನವಾಗಿ ಮಾಡ್ತಾ ಇದೀನಿ" ಅಂದ್ಕೊಂಡು ಹೋದವರ ಪ್ಯಾಕು ಗಂಟೆಗಟ್ಟಲೆ ಓವರ್‌ಚಾರ್ಜ್ ಆಗೋದು ಹೀಗೇ.

ಹಾಗಾಗಿ ಇಲ್ಲಿ ಎರಡು ಸುರಕ್ಷಿತ ದಾರಿ ಇದೆ, ಮಧ್ಯದ್ದು ಅಪಾಯದ್ದು.

ಒಂದು, ಡೆಲ್ಟಾ ಪೀಕ್ ಚಾರ್ಜರ್ ಇದ್ರೆ 0.5 ಸಿ ಇಂದ 1 ಸಿ ನಡುವೆ. 3000ದ ಪ್ಯಾಕಿಗೆ 1.5 ರಿಂದ 3 ಆಂಪಿಯರ್. 3 ಆಂಪಿಯರಲ್ಲಿ ಖಾಲಿ ಪ್ಯಾಕು ಒಂದು ಗಂಟೆ ಹತ್ತು ನಿಮಿಷದ ಆಸುಪಾಸಲ್ಲಿ ತುಂಬುತ್ತೆ, ಶಬ್ದ ಚೆನ್ನಾಗಿ ಕೇಳುತ್ತೆ. ನಾನು ಹೆಚ್ಚಾಗಿ ಬಳಸೋದು ಸ್ವಲ್ಪ ಕೆಳಗೆ, 2.5 ಆಂಪಿಯರ್. ಪ್ಯಾಕ್ ಮೇಲೆ ಅದರ ಗರಿಷ್ಠ ಚಾರ್ಜ್ ಕರೆಂಟ್ ಬರೆದಿದ್ರೆ ನನ್ನ ಮಾತು ಬಿಟ್ಟು ಅದನ್ನೇ ಕೇಳಿ.

ಇನ್ನೊಂದು, ತೀರಾ ನಿಧಾನ, 0.1 ಸಿ. 3000ದ ಪ್ಯಾಕಿಗೆ 0.3 ಆಂಪಿಯರ್, 14 ರಿಂದ 16 ಗಂಟೆ. ಹತ್ತು ಗಂಟೆಗೆ ತುಂಬಬೇಕಿತ್ತಲ್ಲ ಅನ್ಸುತ್ತೆ, ಆದ್ರೆ ನಿಧಾನಕ್ಕೆ ಕೊಟ್ಟಾಗ ಸುಮಾರು ಪಾಲು ಬೇರೆ ಕಡೆ ಪೋಲಾಗುತ್ತೆ, ಅದಕ್ಕೇ ಒಂದೂವರೆ ಪಟ್ಟು ಟೈಮು. ಈ ವೇಗದಲ್ಲಿ ತುಂಬಿದ ಮೇಲೆ ಹುಟ್ಟೋ ಬಿಸಿ ಮೂರು ವ್ಯಾಟಿಗಿಂತ ಕಮ್ಮಿ, ಪ್ಯಾಕು ಅದನ್ನ ತಡ್ಕೊಳ್ಳುತ್ತೆ, ಒಳಗಿನ ಆಮ್ಲಜನಕಕ್ಕೂ ಮತ್ತೆ ನೀರಾಗಕ್ಕೆ ಟೈಮು ಸಿಗುತ್ತೆ. ಇಲ್ಲಿ ಚಾರ್ಜರ್‌ಗೆ ಕಿವಿ ಬೇಡ, ಗಡಿಯಾರ ಸಾಕು. ಹಾಗಂತ ದಿನಗಟ್ಟಲೆ ಬಿಡೋ ಹಾಗಿಲ್ಲ.

ಮಧ್ಯದ 0.2, 0.3 ಸಿ ಜಾಗದಲ್ಲಿ ಇಳಿತಾನೂ ಸರಿಯಾಗಿ ಕಾಣಲ್ಲ, ಬಿಟ್ಟುಬಿಟ್ರೆ ಪ್ಯಾಕು ತಡ್ಕೊಳ್ಳೋದೂ ಇಲ್ಲ. ಬೇಸರ ಏನಂದ್ರೆ ಡಬ್ಬದ ಜೊತೆ ಬರೋ ಸುಮಾರು ಅಡಾಪ್ಟರ್‌ಗಳು ಇರೋದು ಇದೇ ಜಾಗದಲ್ಲಿ.

ಡಬ್ಬದಲ್ಲಿ ಬಂದ ಅಡಾಪ್ಟರ್

ಅದರ ಬೆನ್ನ ಮೇಲಿನ ಸಣ್ಣ ಅಕ್ಷರ ಓದಿ. ಔಟ್‌ಪುಟ್ ಅಂತ ಇರೋ ಕಡೆ 250 ಎಂಎ, 500 ಎಂಎ ಅಂತ ಏನಾದ್ರೂ ಇರುತ್ತೆ. ಪೀಕ್ ಡಿಟೆಕ್ಷನ್, ಆಟೋ ಕಟಾಫ್ ಅಂತ ಅಡಾಪ್ಟರ್ ಮೇಲಾಗ್ಲಿ ಪುಸ್ತಕದಲ್ಲಾಗ್ಲಿ ಎಲ್ಲೂ ಇಲ್ಲ ಅಂದ್ರೆ ಅದು ತಾನಾಗೇ ನಿಲ್ಲಲ್ಲ ಅಂತಲೇ ತಿಳ್ಕೊಳ್ಳಿ. ಅದರ ಮೇಲೆ ಒಂದು ಕೆಂಪು ಲೈಟ್ ಇರಬಹುದು, ಎಷ್ಟೋ ಅಡಾಪ್ಟರ್‌ಗಳಲ್ಲಿ ಆ ಲೈಟು ಕರೆಂಟ್ ಬರ್ತಿದೆ ಅಂತಷ್ಟೇ ಹೇಳುತ್ತೆ, ತುಂಬಿತು ಅಂತ ಹೇಳಲ್ಲ. ಚಿಕ್ಕ ಆಟಿಕೆಗಳ ಜೊತೆ ಬರೋ ಯುಎಸ್‌ಬಿ ವೈರ್‌ಗಳ ವಿಷಯದಲ್ಲೂ ಇದೇ ಎಚ್ಚರಿಕೆ ಇರಲಿ.

ಇಂಥದ್ದರಲ್ಲಿ ಚಾರ್ಜ್ ಮಾಡೋದೇ ಆದ್ರೆ ಟೈಮ್ ನಾವೇ ಲೆಕ್ಕ ಹಾಕ್ಬೇಕು. ಪ್ಯಾಕಿನ ಎಂಎಎಚ್ಚನ್ನ ಅಡಾಪ್ಟರಿನ ಎಂಎ ಇಂದ ಭಾಗಿಸಿ, ಬಂದಿದ್ದನ್ನ 1.4 ಇಂದ ಗುಣಿಸಿ. 1800ರ ಪ್ಯಾಕು, 250ರ ಅಡಾಪ್ಟರ್ ಆದ್ರೆ 7.2, ಅದನ್ನ 1.4 ಇಂದ ಗುಣಿಸಿದ್ರೆ ಹತ್ತು ಗಂಟೆ. 500ರ ಅಡಾಪ್ಟರ್ ಆದ್ರೆ ಐದು ಗಂಟೆ, ಅದಕ್ಕಿಂತ ಒಂದು ನಿಮಿಷಾನೂ ಜಾಸ್ತಿ ಬೇಡ. ಇದು ಪ್ಯಾಕು ಖಾಲಿ ಇದ್ದಾಗಿನ ಲೆಕ್ಕ ಅನ್ನೋದು ಮರೀಬೇಡಿ. ಅರ್ಧ ಓಡಿಸಿ ಬಿಟ್ಟಿರೋ ಪ್ಯಾಕಿಗೆ ಪೂರ್ತಿ ಟೈಮು ಕೊಟ್ರೆ ಉಳಿದರ್ಧ ಟೈಮು ಓವರ್‌ಚಾರ್ಜೇ. ಪ್ಲಗ್ಗಿಗೂ ಅಡಾಪ್ಟರ್‌ಗೂ ಮಧ್ಯೆ ಹಾಕೋ ಟೈಮರ್ ಸಿಗುತ್ತೆ, ಇಟ್ಟ ಟೈಮಿಗೆ ತಾನೇ ಆಫ್ ಆಗುತ್ತೆ, ಅದೊಂದು ತಗೊಂಡ್ರೆ ಮರೆವಿನ ಭಯ ಇಲ್ಲ.

ಆದ್ರೂ ನನ್ನನ್ನ ಕೇಳಿದ್ರೆ, ಎರಡನೇ ಪ್ಯಾಕ್ ತಗೊಳ್ಳೋ ಮುಂಚೆ ಒಂದು ಡೆಲ್ಟಾ ಪೀಕ್ ಚಾರ್ಜರ್ ತಗೊಳ್ಳಿ ಅಂತೀನಿ. ಅದರಲ್ಲಿ ಇಳಿತ ನೋಡೋದು ಒಂದೇ ಅಲ್ಲ, ಇನ್ನೂ ಎರಡು ಕಾವಲು ಇಡಬಹುದು. ಇಷ್ಟು ನಿಮಿಷ ಆದ್ರೆ ನಿಲ್ಲಿಸು ಅನ್ನೋ ಸೇಫ್ಟಿ ಟೈಮರ್, ಇಷ್ಟು ಎಂಎಎಚ್ ಒಳಗೆ ಹೋದ್ರೆ ನಿಲ್ಲಿಸು ಅನ್ನೋ ಕೆಪಾಸಿಟಿ ಮಿತಿ. 3000ದ ಪ್ಯಾಕಿಗೆ 3600 ಅಂತ ಇಟ್ರೆ, ಇಳಿತ ತಪ್ಪಿಹೋದ್ರೂ ಅಲ್ಲಿಗೆ ನಿಲ್ಲುತ್ತೆ. ಕೆಲವಕ್ಕೆ ಪ್ಯಾಕಿಗೆ ತಾಗಿಸೋ ಟೆಂಪರೇಚರ್ ಸೆನ್ಸರ್ ಕೂಡ ಇರುತ್ತೆ, ಬಿಸಿಯನ್ನೇ ನೇರವಾಗಿ ನೋಡೋದರಿಂದ ಅದು ಎಲ್ಲಕ್ಕಿಂತ ನಂಬಿಕಸ್ಥ.

ಮೋಡ್ ಸರಿಯಾಗಿ ನೋಡಿ, ಇದೊಂದು ಮಾತ್ರ ತಪ್ಪಬಾರದು

ಈಗಿನ ಚಾರ್ಜರ್‌ಗಳು ಹೆಚ್ಚಾಗಿ ಎಲ್ಲ ಥರದ ಬ್ಯಾಟರಿಗೂ ಆಗುತ್ತೆ, ಬಟನ್ ಒತ್ತಿ ಲೈಪೊ (ಲಿಥಿಯಂ ಪಾಲಿಮರ್), ಎನ್‌ಐಎಂಎಚ್ (ನಿಕಲ್ ಮೆಟಲ್ ಹೈಡ್ರೈಡ್) ಅಂತ ಆರಿಸ್ಕೋಬೇಕು. ಮನೇಲಿ ಎರಡೂ ಥರದ ಪ್ಯಾಕ್ ಇದ್ರೆ ಇಲ್ಲೇ ದೊಡ್ಡ ಅಪಾಯ ಇರೋದು. ಲಿಥಿಯಂ ಪಾಲಿಮರ್ ಪ್ಯಾಕನ್ನ ಎನ್‌ಐಎಂಎಚ್ ಮೋಡಲ್ಲಿ ಇಟ್ರೆ ಚಾರ್ಜರ್ ವೋಲ್ಟೇಜ್ ಇಳೀಲಿ ಅಂತ ಕಾಯುತ್ತೆ, ಲಿಥಿಯಂ 4.2ರ ಗೆರೆ ದಾಟಿ ಊದ್ಕೊಂಡು ಬೆಂಕಿ ಹತ್ತಿಕೊಳ್ಳೋ ತನಕ ಕಾಯುತ್ತೆ. ಇದಕ್ಕೆ ತಿರುಗಾಮುರುಗಾ, ಹೈಡ್ರೈಡ್ ಪ್ಯಾಕನ್ನ ಲೈಪೊ ಮೋಡಲ್ಲಿ ಇಡೋದೂ ತಪ್ಪೇ, ಅಲ್ಲಿ ತುಂಬಿದ್ದನ್ನ ಗುರುತಿಸೋ ವ್ಯವಸ್ಥೆಯೇ ಬೇರೆ. ಸ್ಟಾರ್ಟ್ ಒತ್ತೋ ಮುಂಚೆ ಸ್ಕ್ರೀನಲ್ಲಿ ಬ್ಯಾಟರಿ ಥರ, ಸೆಲ್ ಎಷ್ಟು, ಆಂಪಿಯರ್ ಎಷ್ಟು, ಈ ಮೂರನ್ನೂ ಜೋರಾಗಿ ಓದೋ ಅಭ್ಯಾಸ ಮಾಡ್ಕೊಳ್ಳಿ, ಮಕ್ಕಳಿಗೂ ಮಾಡ್ಸಿ.

ಕನೆಕ್ಟರ್ ವಿಷಯ ಇಲ್ಲೇ ಹೇಳಿಬಿಡ್ತೀನಿ. ಕೆಂಪು ಕೆಂಪಿಗೆ, ಕಪ್ಪು ಕಪ್ಪಿಗೆ ಹೋಗ್ತಾ ಇದ್ಯಾ ಅಂತ ಕಣ್ಣಲ್ಲಿ ನೋಡ್ಬೇಕು, ಪ್ಲಗ್ ಕೂತ್ಕೊಂಡಿತು ಅಂದಮಾತ್ರಕ್ಕೆ ವೈರು ಸರಿ ಇದೆ ಅಂತಲ್ಲ, ಎಲ್ಲ ಪ್ಯಾಕ್‌ಗಳಲ್ಲೂ ಒಂದೇ ಥರ ಜೋಡಿಸಿರಲ್ಲ. ಮೊದಲು ಚಾರ್ಜರ್‌ಗೆ ಕರೆಂಟ್, ಆಮೇಲೆ ಪ್ಯಾಕು. ತೆಗೆಯೋವಾಗ ಮೊದಲು ಪ್ಯಾಕು. ಎರಡು ಪ್ಯಾಕನ್ನ ಪಕ್ಕಪಕ್ಕ ಸೇರಿಸಿ ಒಂದೇ ಚಾರ್ಜರಲ್ಲಿ ಒಟ್ಟಿಗೆ ಹಾಕಬೇಡಿ, ಒಂದು ತುಂಬಿ ಇಳಿಯೋದು ಇನ್ನೊಂದರ ಏರಿಕೇಲಿ ಮುಚ್ಚಿಹೋಗುತ್ತೆ.

ಓಡಿಸಿ ಬಂದ ತಕ್ಷಣ ಹಾಕಬೇಡಿ

ಕಾರು ಓಡಿಸಿ ಮುಗಿದಾಗ ಪ್ಯಾಕು ಬಿಸಿ ಇರುತ್ತೆ, ಮಕ್ಕಳಿಗೆ ಇನ್ನೊಂದು ರೌಂಡು ಬೇಕು, ಆ ಬಿಸಿ ಇರೋವಾಗಲೇ ಚಾರ್ಜರ್‌ಗೆ ಹಾಕ್ತೀವಿ. ಚಾರ್ಜ್ ಆಗೋವಾಗ ಹೈಡ್ರೈಡ್ ಸೆಲ್ ಮೊದಲಿಂದಲೂ ಸ್ವಲ್ಪ ಸ್ವಲ್ಪ ಬಿಸಿ ಬಿಡ್ತಾನೇ ಇರುತ್ತೆ, ಅದಕ್ಕೆ ಈ ಬಿಸಿ ಸೇರಿದ್ರೆ ಆಮ್ಲಜನಕ ಬೇಗನೇ ಹುಟ್ಟಕ್ಕೆ ಶುರು ಆಗುತ್ತೆ, ಪ್ಯಾಕು ಪೂರ್ತಿ ತುಂಬಲ್ಲ, ಇಳಿತಾನೂ ಮಸುಕಾಗುತ್ತೆ. ಕೈಗೆ ತಣ್ಣಗೆ ಅನ್ನಿಸೋ ತನಕ, ಅರ್ಧ ಗಂಟೆ ಅಂತಿಟ್ಕೊಳ್ಳಿ, ಗಾಳೀಲಿ ಬಿಡಿ. ಫ್ರಿಜ್ಜಲ್ಲಿ ಇಡೋದು ಬೇಡ. ಚಳಿ ಕೂಡ ಇದಕ್ಕೆ ಆಗಲ್ಲ, 0 ಡಿಗ್ರಿ ಹತ್ತಿರ ಇದ್ರೆ ಒಳಗಿನ ಆಮ್ಲಜನಕ ನೀರಾಗೋ ಕೆಲಸ ನಿಧಾನ ಆಗಿ ಒತ್ತಡ ಏರುತ್ತೆ. ವೇಗವಾಗಿ ಚಾರ್ಜ್ ಮಾಡಕ್ಕೆ 10 ರಿಂದ 40 ಡಿಗ್ರಿ ಒಳಗೆ ಇರೋ ಜಾಗ ಸರಿ.

ಪ್ಯಾಕನ್ನ ಕಾರಿಂದ ಹೊರಗೆ ತೆಗೆದೇ ಚಾರ್ಜ್ ಮಾಡಿ, ಕಾರಿನೊಳಗೆ ಗಾಳಿ ಆಡಲ್ಲ. ಹಾಸಿಗೆ, ಸೋಫಾ, ಕಾರ್ಪೆಟ್ ಮೇಲೆ ಬೇಡ, ಟೈಲ್ಸ್ ಅಥವಾ ಕಲ್ಲಿನ ಮೇಲೆ ಇಡಿ, ಮನೇಲಿ ಯಾರಾದ್ರೂ ಎಚ್ಚರ ಇರೋವಾಗ ಮಾತ್ರ. ಮಧ್ಯೆ ಮಧ್ಯೆ ಕೈ ಇಟ್ಟು ನೋಡಿ. ಬಹಳ ಹೊತ್ತು ಬರೀ ಬೆಚ್ಚಗಿದ್ದು ಕೊನೆಯ ಹತ್ತು ನಿಮಿಷದಲ್ಲಿ ಚೆನ್ನಾಗಿ ಬಿಸಿ ಆಗೋದು ಸಹಜ, ಅದೇ ತುಂಬಿದ ಗುರುತು. ಐದು ಸೆಕೆಂಡ್ ಕೈಲಿ ಹಿಡ್ಕೊಳ್ಳಕ್ಕೆ ಆಗ್ತಾ ಇಲ್ಲ ಅಂದ್ರೆ ಚಾರ್ಜರ್ ಏನೇ ತೋರಿಸ್ಲಿ, ತೆಗೆದುಬಿಡಿ.

ತುಂಬಿರೋ ಪ್ಯಾಕನ್ನ "ಇರಲಿ ಇನ್ನೊಂದ್ಸಲ" ಅಂತ ಮತ್ತೆ ಹಾಕೋದೂ ಒಳ್ಳೇದಲ್ಲ. ತುಂಬಿದ್ದನ್ನ ಗುರುತಿಸಕ್ಕೆ ಚಾರ್ಜರ್ ಪ್ರತಿ ಸಲ ಸ್ವಲ್ಪ ಉಕ್ಕಿಸಿಯೇ ನೋಡ್ಬೇಕು, ಅಷ್ಟು ಸಲಾನೂ ಪ್ಯಾಕಿಗೆ ಪೆಟ್ಟು.

ಪೂರ್ತಿ ಖಾಲಿ ಮಾಡೋ ಹುಚ್ಚು

ಹಳೇ ನಿಕಲ್ ಕ್ಯಾಡ್ಮಿಯಂ ಕಾಲದಿಂದ ಬಂದ ಮಾತು ಒಂದಿದೆ, ಬ್ಯಾಟರಿಗೆ ನೆನಪು ಇರುತ್ತೆ, ಪೂರ್ತಿ ಖಾಲಿ ಮಾಡೇ ಚಾರ್ಜ್ ಮಾಡ್ಬೇಕು ಅಂತ. ಹೈಡ್ರೈಡ್‌ಗಳಲ್ಲಿ ಆ ತೊಂದ್ರೆ ಕಮ್ಮಿ, ಇದ್ರೂ ಒಂದೆರಡು ಸಲ ಸರಿಯಾಗಿ ಓಡಿಸಿ ತುಂಬಿದ್ರೆ ಬಹುಪಾಲು ಸರಿಹೋಗುತ್ತೆ. ಆದ್ರೆ ಪೂರ್ತಿ ಖಾಲಿ ಮಾಡೋದರಲ್ಲಿ ಬೇರೆ ಅಪಾಯ ಇದೆ. ಪ್ಯಾಕಲ್ಲಿ ಆರು ಸೆಲ್ ಇದ್ರೂ ಆರೂ ಒಂದೇ ಶಕ್ತಿಯವಲ್ಲ, ಒಂದು ಮೊದಲು ಖಾಲಿ ಆಗುತ್ತೆ. ಉಳಿದ ಐದರಲ್ಲಿ ಇನ್ನೂ ದಮ್ಮಿದೆ, ಅವು ಕರೆಂಟನ್ನ ಆ ಖಾಲಿ ಸೆಲ್ ಮೂಲಕವೇ ತಳ್ಳುತ್ವೆ, ಅದು ಉಲ್ಟಾ ಚಾರ್ಜ್ ಆಗುತ್ತೆ, ಒಳಗೆ ಹೈಡ್ರೋಜನ್ ಗ್ಯಾಸ್ ಹುಟ್ಟಿ ವಾಲ್ವ್ ತೆರೆಯುತ್ತೆ. ಒಂದೇ ಸಲಕ್ಕೆ ಆ ಸೆಲ್ ಖಾಯಂ ದುರ್ಬಲ ಆಗಬಹುದು, ಮುಂದಿನ ಸಲ ಅದು ಇನ್ನೂ ಬೇಗ ಖಾಲಿ.

ಕಾರು ಇದ್ದಕ್ಕಿದ್ದ ಹಾಗೆ ಸುಸ್ತಾದ ಹಾಗೆ ಓಡಕ್ಕೆ ಶುರು ಮಾಡಿದ್ರೆ ಅಲ್ಲಿಗೆ ನಿಲ್ಲಿಸಿ. ತೆವಳಿಸಿ ತೆವಳಿಸಿ ಮನೆ ತನಕ ಓಡಿಸ್ಕೊಂಡು ಬರೋ ಬದಲು ಎತ್ಕೊಂಡು ಬನ್ನಿ. ಸ್ವಿಚ್ ಆನ್ ಬಿಟ್ಟು ಕಪಾಟಲ್ಲಿ ಇಟ್ರೂ ಇದೇ ಕಥೆ, ನಿಧಾನಕ್ಕೆ ಆಗುತ್ತೆ ಅಷ್ಟೇ. ಬಿಡಿ ಪೆನ್ಸಿಲ್ ಸೆಲ್ ಹಾಕೋ ಕಾರಾದ್ರೆ ಹಳೇದು ಹೊಸದು, ಬೇರೆ ಬೇರೆ ಎಂಎಎಚ್ ಮಿಕ್ಸ್ ಮಾಡಬೇಡಿ, ಕಾರಣ ಇದೇ. ಅವನ್ನ ಚಾರ್ಜ್ ಮಾಡಕ್ಕೆ ಒಂದೊಂದು ಸೆಲ್ಲನ್ನೂ ಬೇರೆ ಬೇರೆ ನೋಡೋ ಚಾರ್ಜರ್ ಒಳ್ಳೇದು. ರೀಚಾರ್ಜಬಲ್ ಅಂತ ಬರೆದಿಲ್ಲದ ಮಾಮೂಲಿ ಆಲ್ಕಲೈನ್ ಸೆಲ್ ಅದರೊಳಗೆ ಹೋಗಲೇಬಾರದು.

ಐದೇ ನಿಮಿಷಕ್ಕೆ ಫುಲ್ ಅಂದ್ರೆ

ಹೊಸ ಪ್ಯಾಕು ಅಥವಾ ತಿಂಗಳುಗಟ್ಟಲೆ ಮೂಲೇಲಿ ಬಿದ್ದಿದ್ದ ಪ್ಯಾಕು ಚಾರ್ಜರ್‌ಗೆ ಹಾಕಿದ್ರೆ ಕೆಲವು ಸಲ ನಾಲ್ಕೈದು ನಿಮಿಷಕ್ಕೇ ಫುಲ್ ಅಂತ ಬೀಪ್ ಮಾಡುತ್ತೆ. ಚಾರ್ಜರ್ ಕೆಟ್ಟಿಲ್ಲ, ಸುಳ್ಳು ಪೀಕ್ ಅದು. ಮಲಗಿದ್ದ ಸೆಲ್‌ಗಳಲ್ಲಿ ಶುರುವಲ್ಲಿ ವೋಲ್ಟೇಜ್ ಏರುಪೇರು ಆಗುತ್ತೆ, 0.03 ವೋಲ್ಟಿಗೆ ಕಿವಿ ಕೊಟ್ಟು ಕೂತಿರೋ ಚಾರ್ಜರ್ ಅದನ್ನೇ ಇಳಿತ ಅಂದ್ಕೊಳ್ಳುತ್ತೆ. ಒಳಗೆ ಎಷ್ಟು ಎಂಎಎಚ್ ಹೋಗಿದೆ ಅಂತ ಸ್ಕ್ರೀನಲ್ಲಿ ನೋಡಿ, 3000ದ ಪ್ಯಾಕಿಗೆ 150 ಹೋಗಿದ್ರೆ ತುಂಬಿಲ್ಲ ಅಂತ ಗೊತ್ತಾಯ್ತಲ್ಲ, ಪ್ಯಾಕು ತಣ್ಣಗೂ ಇದ್ರೆ ಮತ್ತೆ ಶುರು ಮಾಡಬಹುದು. ಇಂಥ ಪ್ಯಾಕಿಗೆ ಮೊದಲ ಸಲ 0.1 ಸಿ ಲೆಕ್ಕದಲ್ಲಿ ರಾತ್ರಿ ಬದಲು ಹಗಲೆಲ್ಲ ನಿಧಾನಕ್ಕೆ ಕೊಡೋದು ಎಲ್ಲಕ್ಕಿಂತ ಒಳ್ಳೇದು, ಆರೂ ಸೆಲ್ ಒಂದೇ ಮಟ್ಟಕ್ಕೆ ಬರುತ್ವೆ.

ಸಡಿಲ ಆಗಿರೋ ಕನೆಕ್ಟರ್ ಕೂಡ ಇದೇ ಆಟ ಆಡಿಸುತ್ತೆ. ಪಿನ್ನು ಅಲ್ಲಾಡಿದ್ರೆ ವೋಲ್ಟೇಜ್ ಇಳಿದ ಹಾಗೆ ಕಾಣುತ್ತೆ. ಚಾರ್ಜ್ ಆಗೋವಾಗ ಪ್ಯಾಕಿಗಿಂತ ಕನೆಕ್ಟರೇ ಬಿಸಿ ಇದ್ರೆ ಅದನ್ನ ಬದಲಾಯಿಸೋ ಟೈಮ್ ಬಂದಿದೆ.

ಸುಮ್ನೆ ಇಡೋವಾಗ

ಲಿಥಿಯಂ ಥರ ಇದನ್ನ ಅರ್ಧಕ್ಕೆ ಇಡ್ಬೇಕು ಅನ್ನೋ ನಿಯಮ ಇಲ್ಲ, ಪೂರ್ತಿ ಖಾಲಿ ಮಾಡಿ ಮಾತ್ರ ಇಡಬಾರದು. ಸುಮ್ನೆ ಇಟ್ರೂ ಚಾರ್ಜ್ ಸೋರ್ತಾನೇ ಇರುತ್ತೆ, ಬಿಸಿ ಜಾಗದಲ್ಲಿ ಇನ್ನೂ ಜೋರಾಗಿ. 2005ರಲ್ಲಿ ಸ್ಯಾನ್ಯೊ ಕಂಪನಿ ಎನಲೂಪ್ ಅಂತ ತಂದ ಮೇಲೆ ಕಮ್ಮಿ ಸೋರೋ ಸೆಲ್‌ಗಳು ಬಂದ್ವು, ಅವು ಒಂದು ವರ್ಷ ಬಿಟ್ಟು ನೋಡಿದ್ರೂ ಹೆಚ್ಚಿನ ಪಾಲು ಉಳಿಸ್ಕೊಂಡಿರುತ್ವೆ. ಮಾಮೂಲಿ ಪ್ಯಾಕಾದ್ರೆ ತಂಪಾದ ಒಣ ಜಾಗದಲ್ಲಿಟ್ಟು ಎರಡು ಮೂರು ತಿಂಗಳಿಗೆ ಒಂದ್ಸಲ ಚಾರ್ಜ್ ಮಾಡಿ, ಓಡಿಸಿ, ಮತ್ತೆ ಚಾರ್ಜ್ ಮಾಡಿ ಇಡಿ. ಕಾರಲ್ಲೇ ಸಿಕ್ಕಿಸಿ ಬಿಡಬೇಡಿ.

ಸೋರಿದ್ರೆ, ಸುಟ್ಟ ವಾಸನೆ ಬಂದ್ರೆ

ಚಾರ್ಜ್ ಆಗೋವಾಗ ಹಿಸ್ ಅಂತ ಶಬ್ದ, ಘಾಟು ವಾಸನೆ, ಪ್ಲಾಸ್ಟಿಕ್ ಸುತ್ತು ಕರಗೋದು ಏನಾದ್ರೂ ಕಂಡ್ರೆ ಪ್ಯಾಕನ್ನ ಮುಟ್ಟಕ್ಕೆ ಹೋಗಬೇಡಿ, ಮೊದಲು ಗೋಡೆಯ ಸ್ವಿಚ್ ಆಫ್ ಮಾಡಿ. ಕಿಟಕಿ ತೆಗೀರಿ, ಹೊರಗೆ ಬರ್ತಾ ಇರೋ ಗ್ಯಾಸಲ್ಲಿ ಹೈಡ್ರೋಜನ್ ಇರಬಹುದು, ಅಲ್ಲಿ ಬೆಂಕಿ ಕಡ್ಡಿ ಗೀಚೋದು, ಕಿಡಿ ಹಾರೋದು ಏನೂ ಬೇಡ. ಪೂರ್ತಿ ತಣ್ಣಗಾದ ಮೇಲೆ ಹೊರಗೆ ತಗೊಂಡು ಹೋಗಿ, ಆ ಪ್ಯಾಕನ್ನ ಮತ್ತೆ ಬಳಸಬೇಡಿ.

ಸೆಲ್‌ನ ತುದೀಲಿ ಬಿಳಿ ಪುಡಿ ಕಟ್ಟಿದ್ರೆ ಒಳಗಿನ ಕ್ಷಾರ ಸೋರಿ ಒಣಗಿದೆ ಅಂತ ಅರ್ಥ. ಅದು ಚರ್ಮ ಸುಡುತ್ತೆ. ಕೈಗೆ ತಾಗಿದ್ರೆ ತುಂಬಾ ನೀರಲ್ಲಿ ತೊಳೀರಿ, ಕಣ್ಣಿಗೆ ಬಿದ್ರೆ ನೀರು ಬಿಡ್ತಾನೇ ಇದ್ದು ಡಾಕ್ಟರ್ ಹತ್ರ ಹೋಗಿ, ಕಾಯಬೇಡಿ.

ಲಿಥಿಯಂ ಅಷ್ಟು ಬೇಗ ಬೆಂಕಿ ಹತ್ತಲ್ಲ ಅನ್ನೋದು ಇದರ ದೊಡ್ಡ ಗುಣ, ಮಕ್ಕಳ ಮೊದಲ ಕಾರಿಗೆ ಇದನ್ನೇ ಕೊಡೋದು ಅದಕ್ಕೇ. ಆದ್ರೆ ಪ್ಲಸ್ಸು ಮೈನಸ್ಸು ಒಂದಕ್ಕೊಂದು ತಾಗಿದ್ರೆ ಇದೂ ಸುಮ್ನಿರಲ್ಲ, ವೈರು ಕೆಂಪಗೆ ಕಾಯೋ ಅಷ್ಟು ಕರೆಂಟ್ ಬಿಡುತ್ತೆ. ಕಲ್ಲಿಗೆ ಬಡಿದು ಮೇಲಿನ ಸುತ್ತು ಹರಿದಿರೋ ಪ್ಯಾಕನ್ನ ಟೇಪ್ ಸುತ್ತಿ ಬಳಸೋದು ಬೇಡ, ಒಳಗೆ ಸೆಲ್ ಜಜ್ಜಿಹೋಗಿರಬಹುದು.

ಫುಲ್ ಚಾರ್ಜ್ ಮಾಡಿದ್ರೂ ಮೊದಲಿನ ಅರ್ಧದಷ್ಟೂ ಓಡ್ತಿಲ್ಲ, ಪ್ರತಿ ಸಲ ವಿಪರೀತ ಬಿಸಿ ಆಗ್ತಿದೆ, ಒಂದು ಸೆಲ್ ಮಾತ್ರ ಉಳಿದವಕ್ಕಿಂತ ಬಿಸಿ ಅಥವಾ ತಣ್ಣಗಿದೆ ಅಂದ್ರೆ ಆ ಪ್ಯಾಕಿನ ಆಯಸ್ಸು ಮುಗೀತು. ಕನೆಕ್ಟರಿನ ಬಾಯಿಗೆ ಇನ್ಸುಲೇಷನ್ ಟೇಪ್ ಸುತ್ತಿ, ಕಸದ ಬುಟ್ಟಿಗೆ ಹಾಕದೇ ಹಳೇ ಬ್ಯಾಟರಿ ತಗೊಳ್ಳೋ ಇ-ವೇಸ್ಟ್ ಕೇಂದ್ರಕ್ಕೆ ಕೊಡಿ, ಒಳಗಿರೋ ನಿಕಲ್ಲನ್ನ ಅವರು ಮತ್ತೆ ತೆಗೆದು ಬಳಸ್ತಾರೆ.